ತಿಂಗಳಿಗೊಮ್ಮೆ ತೆರೆಯುವ ಪುಟ

ಮತ್ತೆ ಯಾರೋ ಬಂದಿದ್ದರು.

ಮೇಘಶ್ರೀ ಲ್ಯಾಪ್‌ಟಾಪಿನ ಕಪ್ಪು ಪರದೆಯನ್ನೇ ನೋಡಿದಳು. ‘ನೋಡು’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದರೆ ಸಾಕು, ಮುಂಬೈಯಲ್ಲೆಲ್ಲೋ ಇರುವ ಬಾಡಿಗೆ ಸರ್ವರ್ ತಮ್ಮ ವೆಬ್‌ಸೈಟಿಗೆ ಈಗ ಬಂದವರು ಯಾವ ಪುಟ ನೋಡುತ್ತಿದ್ದಾರೆಂದು ಸಾಲು ಸಾಲಾಗಿ ತೋರಿಸುತ್ತಿತ್ತು. ‘ಏಳು’ ಎಂದರೆ ನಿಂತುಹೋದ ಸೈಟ್ ಎದ್ದು ಕೂರುತ್ತಿತ್ತು. ಈ ಗಿಡ್ಡ ಆದೇಶಗಳನ್ನೆಲ್ಲ ಮಾಡಿಕೊಟ್ಟವಳು ಅಕ್ಕ ಸ್ವಾತಿ. “ಉದ್ದುದ್ದ ಬರೆಯಾಕೆ ನಿನಗೆ ಬರಲ್ಲ ಕಣೇ. ಹಸೂನ ಕರೆದಂಗೆ ಕರಿ, ಬರ್ತೈತೆ” ಎಂದು ನಕ್ಕಿದ್ದಳು.

ಅಪ್ಪ ರೇವಣಸಿದ್ದಪ್ಪನವರದು ಹಿರಿಯೂರಿನಲ್ಲಿ ತೆಂಗಿನಕಾಯಿ ಮಂಡಿ. ದಿನದ ಕಾಯಿ ಧಾರಣೆ ತಿಳಿಸಲೆಂದು ಸ್ವಾತಿ ಮಾಡಿದ ಸೈಟ್ ಅದು. ಹೋದ ವರ್ಷ ಪರೀಕ್ಷೆಗೆಂದು ದಾವಣಗೆರೆ ಬಸ್ಸು ಹತ್ತಿದವಳು ತಿರುಗಿ ಬರಲಿಲ್ಲ. ಮೇಘಶ್ರೀ ಅದೇ ಸೈಟಿನಲ್ಲಿ ಇನ್ನೊಂದು ಪುಟ ಮಾಡಿ, ಅಕ್ಕನ ಫೋಟೊ ಹಾಕಿ, ‘ಕಾಣೆಯಾಗಿದ್ದಾಳೆ’ ಎಂದು ಬರೆದಳು.

ಮೊದಮೊದಲು ಬಹಳ ಜನ ನೋಡಿದರು. ಆಮೇಲೆ ಧಾರಣೆ ನೋಡುವವರಷ್ಟೇ ಉಳಿದರು, ಒಬ್ಬರನ್ನು ಬಿಟ್ಟು. ತಿಂಗಳಿಗೊಮ್ಮೆ ಯಾವುದೋ ಮೊಬೈಲಿನಿಂದ ಅಕ್ಕನ ಪುಟ ತೆರೆಯುತ್ತಿತ್ತು. ಮುಚ್ಚಿ ಮತ್ತೆ ತೆರೆಯುತ್ತಿತ್ತು. ಯಾರ ಮೊಬೈಲು, ಯಾವ ಊರು ಎಂದು ಪರದೆಯ ಸಾಲು ಹೇಳುತ್ತಿರಲಿಲ್ಲ.

ಹೇಳಬೇಕಾಗಿಯೂ ಇರಲಿಲ್ಲ. ಎಲ್ಲೋ ಕೆಲಸಕ್ಕೆ ಸೇರಿ, ರಜೆ ಸಿಕ್ಕ ದಿನ ತನ್ನ ಫೋಟೊ ತಾನೇ ನೋಡುವವಳು ಅಕ್ಕನಲ್ಲದೆ ಇನ್ಯಾರು?

ಪೊಲೀಸರು ಒಮ್ಮೆ ಅಪ್ಪನನ್ನು ದಾವಣಗೆರೆಗೆ ಕರೆಸಿ ಹೆಣವೊಂದನ್ನು ತೋರಿಸಿದ್ದರು. ಮರುದಿನ ಬಂದ ಅಪ್ಪ ಒಳಗೆ ಕಾಲಿಡದೆ, ಹಿತ್ತಲಲ್ಲಿ ಉಟ್ಟ ಬಟ್ಟೆಯಲ್ಲೇ ತಣ್ಣೀರು ಸುರಿದುಕೊಂಡರು. “ನಮ್ಮ ಹುಡುಗಿ ಅಲ್ಲ” ಎಂದಷ್ಟೇ ಅಂದರು. ಆ ಮಾತು ಕೇಳಿದ ಮೇಲೆಯೇ ಅವ್ವ ಸರ್ವಮಂಗಳ ತುತ್ತು ಎತ್ತಿದ್ದು.

“ಏನೇ, ಮುಖ ಊರಗಲ ಮಾಡ್ಕಂಡಿದೀಯ?” ಅವ್ವ ರೊಟ್ಟಿ ತಟ್ಟುತ್ತಲೇ ಕೇಳಿದಳು.

“ಬಂದವ್ಳೆ ಅವ್ವಾ. ಈಗ್ಲೇ ನೋಡ್ತಾ ಅವ್ಳೆ.”

ಅವ್ವನ ಕೈ ನಿಂತಿತು. “ಉಂಡ್ಲಾ ಕೇಳೇ.”

“ಅದ್ರಾಗೆ ಕೇಳಾಕಾಗಲ್ಲ ಕಣವ್ವಾ.”

“ಸುಡುಗಾಡು ಡಬ್ಬ!” ಅವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು. “ಹೋಗು, ನಿಮ್ಮಪ್ಪಗಾದ್ರೂ ಹೇಳಿ ಬಾ. ಅಮಾವಾಸ್ಯೆ ಪೂಜೆ ಅಂತ ಮಂಡಿಗೆ ಹೋಗವ್ರೆ, ಫೋನ್ ಎತ್ತಲ್ಲ.”

ಇಷ್ಟು ದಿನ ಇಬ್ಬರೂ ಅಪ್ಪನಿಗೆ ಹೇಳಿರಲಿಲ್ಲ. ಸುಳ್ಳಾಗಿಬಿಟ್ಟರೆ ಆ ಜೀವ ತಡೆಯಲಾರದು ಎಂಬ ಅಂಜಿಕೆ. ಅಪ್ಪ ಈಗೀಗ ಠಾಣೆಗೆ ಹೋಗುವುದನ್ನೂ ಬಿಟ್ಟಿದ್ದರು. ಪಾಪ, ಆಸೆಯನ್ನೇ ಬಿಟ್ಟಿದ್ದಾರೆ ಎಂದುಕೊಂಡಳು ಮೇಘಶ್ರೀ. ಇವತ್ತು ಆ ಆಸೆಯನ್ನು ಅವರ ಕೈಗೆ ಕೊಡಬೇಕು.

ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದಳು. ಮಂಡಿಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗಿನಿಂದ ಊದುಬತ್ತಿಯ ವಾಸನೆ.

“ಅಪ್ಪಾ, ಅಕ್ಕ ಬದುಕವ್ಳೆ!” ಎನ್ನುತ್ತಲೇ ಬಾಗಿಲು ತಳ್ಳಿದಳು.

ಕಾಯಿ ರಾಶಿಗೆ ಒರಗಿಸಿದ್ದ ಅಪ್ಪನ ಮೊಬೈಲಿನಲ್ಲಿ ಸ್ವಾತಿಯ ಪುಟ ತೆರೆದಿತ್ತು. ಫೋಟೊದ ಹಣೆಗೆ ವಿಭೂತಿ ಹಚ್ಚಿ, ಅಪ್ಪ ಅದರ ಮುಂದೆ ಸತ್ತವರಿಗೆ ಇಡುವ ಎಡೆ ಇಟ್ಟಿದ್ದರು.