ಸೇಬಿನ ಮರದ ನೆಗ್ಗು

ನಡೀನ್‌ಳ ಅಂಗೈ ಆ ಪುಟ್ಟ ಟ್ರಾಕ್ಟರಿನ ಬಾನೆಟ್ ಮೇಲೆ ಹಿಂದಕ್ಕೂ ಮುಂದಕ್ಕೂ ಸವರುತ್ತಾ ಏನನ್ನೋ ಹುಡುಕುತ್ತಿತ್ತು. ಮದುವೆಯಾದಾಗಿನಿಂದ ಅಂಗಳದ ಹುಲ್ಲು ಕತ್ತರಿಸಲು ಅವಳೇ ಓಡಿಸಿದ ಗಾಡಿ ಅದು. ಗಂಡ ವರ್ಲಿನ್ ಎರಡು ಚಳಿಗಾಲ ಗ್ಯಾರೇಜಿನಲ್ಲೇ ಕಳೆದು, ತುಕ್ಕು ಕೆರೆದು, ಇಂಜಿನ್ ಬಿಚ್ಚಿ ಜೋಡಿಸಿ, ಹಳದಿ ಬಣ್ಣ ಹೊಡೆದು ಹೊಸದರಂತೆ ಮಾಡಿದ್ದ. ಹೆಂಡತಿ ತನ್ನನ್ನೇ ಗುರುತಿಸದ ದಿನಗಳು ಹೆಚ್ಚುತ್ತಿದ್ದವು. ಇದನ್ನು ಕಂಡರೆ ನೆನಪು ಮರಳೀತು ಎಂಬ ಒಂದೇ ಆಸೆ ಅವನಿಗೆ.

"ಇದು ಯಾರ್ದು ವರ್ಲಿನ್?" ಎಂದಳು. ಹೆಸರು ಹಿಡಿದು ಕರೆದದ್ದಕ್ಕೇ ಅವನ ಎದೆ ಹಿಗ್ಗಿತು.

"ನಿಂದೇ ಕಣೆ. ಹತ್ತಿ ಕೂತ್ಕೊ."

"ಸಾಕು, ಏಮಾರಿಸ್ಬೇಡ. ನಮ್ ಗಾಡೀಲಿ ಇಲ್ಲೊಂದು ನೆಗ್ಗಿತ್ತು. ಸೇಬಿನ ಮರಕ್ಕೆ ಗುದ್ದಿದ್ದೆ, ನೀನು ವಾರಗಟ್ಲೆ ಆಡ್ಕೊಂಡು ನಕ್ಕಿದ್ದೆ. ಅದನ್ನ ಮಾರ್ಬಿಟ್ಯಾ?"

ಆ ನೆಗ್ಗನ್ನು ಬಡಿದು ಸಮ ಮಾಡಿ, ಪುಟ್ಟಿ ಮೆತ್ತಿ, ಬೆರಳಿಗೂ ಸಿಗದಂತೆ ಉಜ್ಜಿದವನು ಅವನೇ. ಗೆಳೆಯರ ಮುಂದೆ ಅದನ್ನೇ ತೋರಿಸಿ ಬೀಗಿದ್ದ. ಈಗ ಬೇರೇನೂ ತೋಚದೆ, ಗೋಡೆಗೆ ನೇತುಹಾಕಿದ್ದ ಸುತ್ತಿಗೆ ಎಳೆದುಕೊಂಡು, ಅವಳ ಕೈಯನ್ನು ಮೆಲ್ಲಗೆ ಸರಿಸಿ, ಅದೇ ಜಾಗಕ್ಕೆ ಬೀಸಿ ಹೊಡೆದ. ಬಣ್ಣ ಚಕ್ಕೆಯೆದ್ದು ತಗಡು ಒಳಕ್ಕೆ ಹೋಯಿತು. "ನೋಡು, ಇಲ್ಲೇ ಇದೆ" ಎಂದು ಅವಳ ಕೈ ಹಿಡಿಯಹೋದ.

ನಡೀನ್ ಬೆಚ್ಚಿ ಬಾಗಿಲಿಗೆ ಒತ್ತಿಕೊಂಡಳು. ಅವನ ಸುತ್ತಿಗೆಯನ್ನೂ ತುಂಬಿ ಬಂದ ಕಣ್ಣನ್ನೂ ನೋಡುತ್ತಾ ನಿಂತವಳಿಗೆ ಆಮೇಲೆ ಮರುಕವಾಯಿತೇನೋ.

"ಅಳ್ಬೇಡಿ," ಎಂದಳು. "ನಮ್ ವರ್ಲಿನ್ ಬರ್ಲಿ, ಇರಿ. ಎಂಥ ನೆಗ್ಗಿದ್ರೂ ಗೊತ್ತೇ ಆಗ್ದಂಗೆ ಸರಿ ಮಾಡ್ಕೊಡ್ತಾನೆ."