ಅಕ್ಕಿಹಿಟ್ಟಿನ ಮದುಮಗಳು

ಅಕ್ಕಿಹಿಟ್ಟಿಗೆ ಬಿಸಿನೀರು ಬಿದ್ದ ವಾಸನೆ ಬಂದರೆ ಇವತ್ತಿಗೂ ನನಗೆ ಒಲೆಯ ಮುಂದೆ ಕೂರಲು ಆಗುವುದಿಲ್ಲ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಸಿನಿಮಾದವರು ಬಂದು ನಮ್ಮ ಗದ್ದೆಯಾಚೆಯ ಪಾಳು ಬಂಗಲೆಯಲ್ಲಿ ಎರಡು ದಿನ ಚಿತ್ರ ತೆಗೆದರು. ಮದುಮಗಳ ಪಾತ್ರಕ್ಕೆ ನನ್ನ ಅತ್ತೆಯನ್ನು, ಅಪ್ಪನ ತಂಗಿಯನ್ನು, ಕೇಳಿದರು. ಮುಖಕ್ಕೆ ಬಣ್ಣ ತರುವಷ್ಟೂ ಗತಿಯಿರಲಿಲ್ಲ ಅವರಿಗೆ. ನಮ್ಮ ಮನೆಯ ಅಕ್ಕಿಹಿಟ್ಟನ್ನೇ ಕಲಸಿ ಬಳಿದರು. "ಸುಮ್ನೆ ಬಾಗಿಲಲ್ಲಿ ನಿಂತು ನಗಮ್ಮ, ಸಾಕು," ಎಂದರು. ಅತ್ತೆ ನಕ್ಕಳು.

ಆ ಚಿತ್ರ ಕುಶಾಲನಗರದ ತಗಡಿನ ಟಾಕೀಸಿಗೆ ಬಂದಾಗಲೇ ಹಾಸನದ ಕಡೆಯ ಗಂಡಿನವರು ಅತ್ತೆಯನ್ನು ನೋಡಲು ಬಂದರು. "ಮೊದ್ಲು ಸಿನಿಮಾದಲ್ಲಿ ನೋಡ್ಲಿ, ಆಮೇಲೆ ಮನೇಲಿ ನೋಡ್ತಾರೆ," ಎಂದು ಅಜ್ಜಿ ಜಂಬದಿಂದ ಹೇಳಿದ್ದಳು. ಅಪ್ಪ ಅವರನ್ನು ಬಸ್ಸಿಳಿಸಿ ನೇರ ಮಧ್ಯಾಹ್ನದ ಆಟಕ್ಕೆ ಕರೆದೊಯ್ದ. ಜೊತೆಗೆ ನಾನೂ ಹೋದೆ.

ಪರದೆಯ ಮೇಲೆ ದೆವ್ವವೊಂದು ಬಂದು ನಿಂತಿತು. ಬಿರುಕು ಬಿಟ್ಟ ಬಿಳಿ ಕೆನ್ನೆ, ಮೈಮೇಲೆ ಅಜ್ಜಿಯ ಧಾರೆ ಸೀರೆ. ಅದು ನಕ್ಕಿದ್ದೇ ತಡ, ಹಾಸ್ಯದವನು ತಿಪ್ಪೆಗುಂಡಿಗೆ ಬಿದ್ದ. ಟಾಕೀಸಿಗೆ ಟಾಕೀಸೇ ಕಿರುಚಿತು, ಆಮೇಲೆ ಬಿದ್ದು ಬಿದ್ದು ನಕ್ಕಿತು. ನಾನು ಬೆಂಚು ಹತ್ತಿ, "ನಮ್ಮತ್ತೆ! ನಮ್ಮತ್ತೆ!" ಎಂದು ಕೂಗಿದೆ.

"ಚೆನ್ನಾಗ್ ಮಾಡವ್ಳೆ," ಎಂದಳು ಗಂಡಿನ ತಾಯಿ. ಮನೆಗೂ ಬಾರದೆ ಅವರು ಅಲ್ಲಿಂದಲೇ ಬಸ್ಸು ಹತ್ತಿದರು.

ಅತ್ತೆ ಅವರಿಗೆಂದು ಶಾವಿಗೆ ಒತ್ತಿಟ್ಟು ಬಾಗಿಲಲ್ಲೇ ಕಾಯುತ್ತಿದ್ದಳು. ಅವಳ ಕೆನ್ನೆಗೆ ಅಕ್ಕಿಹಿಟ್ಟು ಮೆತ್ತಿತ್ತು.

"ಹೆಂಗ್ ಕಾಣ್ತಿದ್ದೆ ನಾನು?" ಎಂದು ನಗುತ್ತಾ ಕೇಳಿದಳು.

"ಈಗ ಇದ್ದೀಯಲ್ಲ, ಹಂಗೇ," ಎಂದೆ.