ಪೆನ್ಸಿಲ್ ಗೀಟು

"ಇವನ್ನ ಒರೆಸಿದ್ದು ಯಾರು?"

ದ್ವೀಪದ ಮೇಲ್ವಿಚಾರಕರು, ಎಲ್ಲರ ಬಾಯಲ್ಲಿ ಆಮೆ ಮೇಷ್ಟ್ರು, ಬುಟ್ಟಿಯ ಮುಂದೆ ಕುಕ್ಕರಿಸಿಬಿಟ್ಟರು. ಅಲೆಯ ಬಾಯಿಂದ ಹೆಕ್ಕಿ ತಂದಿದ್ದ ತೊಂಬತ್ತಾರು ಆಮೆಮೊಟ್ಟೆಗಳೂ ಹಾಲಿನಷ್ಟು ಬೆಳ್ಳಗಿದ್ದವು. ಒಂದೊಂದರ ನೆತ್ತಿಯ ಮೇಲೂ ಅವರೇ ಎಳೆದಿದ್ದ ಪೆನ್ಸಿಲ್ ಗೀಟು ಮಾತ್ರ ಮಾಯವಾಗಿತ್ತು. ರಜೆ ಹಾಕಿ ಸೇವೆಗೆಂದು ಬಂದಿದ್ದ ಹನ್ನೆರಡು ಜನರೂ ಸುತ್ತ ನೆರೆದರು.

"ಗೀಟು ಮೇಲಕ್ಕೇ ಇರಬೇಕಿತ್ತು ಕಣ್ರೀ. ಮಗುಚಿದರೆ ಒಳಗಿನ ಜೀವ ಹೋಗುತ್ತೆ. ಎಲ್ಲಾ ಮುಗೀತು."

ಗಂಡ, ಅತ್ತೆಯ ಜೊತೆ ಸೇವೆಗೆ ಬಂದಿದ್ದ ಸೊಸೆಗೆ ಉತ್ತರ ಗೊತ್ತಿತ್ತು. ತಿಂಡಿಗೆ ಮುಂಚೆ ಅತ್ತೆ, "ಎಷ್ಟು ಗಲೀಜಾಗಿ ಗೀಚಿದಾರೆ ನೋಡು" ಎಂದು ಗೊಣಗುತ್ತಾ ಒಂದೊಂದನ್ನೂ ಉರುಳಿಸಿ ಉರುಳಿಸಿ ಒರೆಸಿದ್ದರು. ಆಮೇಲೆ ಆ ಬಟ್ಟೆಯನ್ನು ಒಣಹಾಕೆಂದು ಇವಳ ಕೈಗಿತ್ತಿದ್ದರು. ಅದಿನ್ನೂ ಇವಳ ಕೈಯಲ್ಲೇ ಇತ್ತು. ಎಲ್ಲರ ಕಣ್ಣೂ ಅದರ ಮೇಲೆ ಬಿತ್ತು.

"ನಾನು ಬೇಡ ಬೇಡ ಅಂತ ಬಡ್ಕೊಂಡೆ ಮೇಷ್ಟ್ರೇ," ಎಂದರು ಅತ್ತೆ, ಕಣ್ಣು ಪಿಳುಕಿಸದೆ. "ಇವಳ ಕೈಗೆ ಸಿಕ್ಕಿದ್ದೇ ತಪ್ಪು. ಎರಡು ತಿಂಗಳ ಹಿಂದೆ ತನ್ನ ಹೊಟ್ಟೇಲಿದ್ದದ್ದನ್ನೇ ಉಳಿಸಿಕೊಳ್ಳಲಿಲ್ಲ."

ಗುಂಪಿನಲ್ಲಿ ಯಾರೋ ಲೊಚಗುಟ್ಟಿದರು. ಅವಳು ಗಂಡನ ಕಡೆ ತಿರುಗಿದಳು. ಆ ಬಟ್ಟೆಯನ್ನು ಒದ್ದೆ ಮಾಡಿ, ಹಿಂಡಿ, ಅಮ್ಮನಿಗೆ ಕೊಟ್ಟವನು ಅವನೇ.

ಅವನು ಬಗ್ಗಿ, ಬಿಗಿಯಾಗಿಯೇ ಇದ್ದ ಬೂಟಿನ ಲೇಸನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ.